ಒಂದು ದಿನಕ್ಕೆ ಎಷ್ಟು ಎಂದ ಕೂಡಲೇ ಹೇಳಿಬಿಡುವವರಿಗೆ

"ಸರ್, ಒಂದು ದಿನಕ್ಕೆ ಎಷ್ಟು ತಗೋತೀರಾ?" ಎಂದು ವಾಟ್ಸಾಪ್‌ನಲ್ಲಿ ಕೇಳುತ್ತಾರೆ. ಏನು ಶೂಟು, ಎಷ್ಟು ಫೋಟೊ ಬೇಕು, ಎಲ್ಲೆಲ್ಲಿ ಹಾಕಿಕೊಳ್ಳುತ್ತಾರೆ ಎಂದು ಒಂದು ಮಾತೂ ವಿಚಾರಿಸದೆ ನೀವು "15 ಸಾವಿರ" ಎಂದು ಬರೆಯುತ್ತೀರಿ. "12ಕ್ಕೆ ಮಾಡ್ಕೊಡಿ, ಮುಂದೆ ತುಂಬಾ ಕೆಲಸ ಇದೆ" ಎಂದು ಉತ್ತರ ಬರುತ್ತದೆ. "ಓಕೆ ಸರ್." ಬೆಂಗಳೂರಿನಲ್ಲಿ ಕ್ಯಾಟಲಾಗ್, ಹೋಟೆಲ್ ಮೆನು, ಒಡವೆ ಅಂಗಡಿಯ ಜಾಹೀರಾತು ಎಂದು ಸ್ವತಂತ್ರವಾಗಿ ಫೋಟೊ ತೆಗೆಯುವ ಎಷ್ಟೋ ಜನ ದರ ಗೊತ್ತು ಮಾಡುವುದು ಹೀಗೇ. ಅದಕ್ಕೆ ನೀವಿಟ್ಟ ಹೆಸರು ಹೊಂದಾಣಿಕೆ. ನಾನು ಸೋಮಾರಿತನ ಎನ್ನುತ್ತೇನೆ.

ಆ 15 ಸಾವಿರ ಎಲ್ಲಿಂದ ಬಂತು? ಗೆಳೆಯ ಅಷ್ಟು ಕೇಳುತ್ತಾನೆ, ಅದಕ್ಕೇ ನೀವೂ ಕೇಳುತ್ತೀರಿ. ಅವನು ಇನ್ಯಾರನ್ನೋ ನೋಡಿ ಕೇಳುತ್ತಾನೆ. ಒಬ್ಬರೂ ಪೆನ್ನು ಹಿಡಿದು ಕೂತಿಲ್ಲ. ಈಗ ಕೂರಿ. ಎರಡು ಬಾಡಿ, ಲೆನ್ಸು, ಲೈಟು, ಲ್ಯಾಪ್‌ಟಾಪಿಗೆ 8 ಲಕ್ಷ ಹಾಕಿದ್ದೀರಿ, ನಾಲ್ಕು ವರ್ಷ ಬಾಳುತ್ತವೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2 ಲಕ್ಷ ಆಯಿತು. ಬಾಡಿಗೆ, ಕರೆಂಟು, ಸಾಫ್ಟ್‌ವೇರ್ ಚಂದಾ, ವಿಮೆ, ಓಡಾಟ ಸೇರಿ 3 ಲಕ್ಷ. ಮನೆ ಖರ್ಚು ತಿಂಗಳಿಗೆ 50 ಸಾವಿರದಂತೆ 6 ಲಕ್ಷ. ಒಟ್ಟು 11 ಲಕ್ಷ. ವರ್ಷದಲ್ಲಿ ಶೂಟಿಂಗ್ ಇರುವುದು 80 ದಿನ ಅನ್ನಿ. ಉಳಿದದ್ದು ಎಡಿಟಿಂಗ್, ಮೀಟಿಂಗ್, ಬಿಲ್ಲಿಗಾಗಿ ಅಲೆದಾಟ. ದಿನಕ್ಕೆ 13,750 ರೂಪಾಯಿ ಬಂದರೆ ಅಸಲು ಗಿಟ್ಟುತ್ತದೆ, ಅಷ್ಟೆ. ಕಾಯಿಲೆ ಬಿದ್ದರೆ, ಮಳೆಗಾಲದಲ್ಲಿ ಕೆಲಸ ನಿಂತರೆ ಅದಕ್ಕೆ ಇದರಲ್ಲಿ ಒಂದು ಪೈಸೆಯೂ ಇಲ್ಲ. ಈ ಲೆಕ್ಕದಲ್ಲಿ 12 ಸಾವಿರಕ್ಕೆ ಒಪ್ಪಿಕೊಂಡವರು ಕೈಯಿಂದ 1,750 ಹಾಕಿ ಗಿರಾಕಿಯ ಕೆಲಸ ಮಾಡಿಕೊಟ್ಟಿದ್ದಾರೆ.

ಇನ್ನು 'ದಿನ' ಎನ್ನುವ ಅಳತೆ. ಒಂದು ವಜ್ರದುಂಗುರ ತೆಗೆದುಕೊಳ್ಳಿ. ಮ್ಯಾಕ್ರೊ ಲೆನ್ಸಿನಲ್ಲಿ ಹತ್ತಿರ ಹೋದಷ್ಟೂ ಫೋಕಸ್ ನಿಲ್ಲುವುದು ಕೂದಲೆಳೆಯಷ್ಟು ಜಾಗದಲ್ಲಿ ಮಾತ್ರ. ಆದ್ದರಿಂದ ಫೋಕಸನ್ನು ಚೂರುಚೂರೇ ಸರಿಸುತ್ತ ಇಪ್ಪತ್ತು, ಮೂವತ್ತು ಫ್ರೇಮ್ ತೆಗೆದು ಒಂದರೊಳಗೊಂದು ಸೇರಿಸಬೇಕು. ಪಾಲಿಶ್ ಮಾಡಿದ ಚಿನ್ನದಲ್ಲಿ ನಿಮ್ಮ ಕ್ಯಾಮೆರಾ ಕಪ್ಪಗೆ ಕಾಣುತ್ತದೆ, ಅದನ್ನು ಮರೆಮಾಡಬೇಕು. ಬರಿಗಣ್ಣಿಗೆ ಕಾಣದ ಧೂಳು ಸ್ಕ್ರೀನಿನಲ್ಲಿ ಮರಳಿನಂತೆ ತೋರುತ್ತದೆ, ಒಂದೊಂದನ್ನೇ ತೆಗೆಯಬೇಕು. ಶೂಟ್ ಸಂಜೆ ಏಳಕ್ಕೆ ಮುಗಿಯಿತು, ನಿಜ. ಆಮೇಲೆ ನಿದ್ದೆಗೆಟ್ಟ ರಾತ್ರಿಗಳು ಯಾವ ಬಿಲ್ಲಿನಲ್ಲಿವೆ? ಕ್ಯಾನನ್ 5ಡಿ ಮಾರ್ಕ್ 4ರ ಶಟರಿಗೆ ಕಂಪನಿಯೇ ಹೇಳುವ ಆಯಸ್ಸು ಒಂದೂವರೆ ಲಕ್ಷ ಕ್ಲಿಕ್ಕು. ಆ ಸವೆತಕ್ಕೂ ನಿಮ್ಮ ಕೊಟೇಶನ್ನಿನಲ್ಲಿ ಜಾಗವಿಲ್ಲ. ಕೊಟೇಶನ್ ಎನ್ನುವುದೇ ಇಲ್ಲವಲ್ಲ.

ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇಲ್ಲಿ. ಮೆನು ಕಾರ್ಡಿಗೆಂದು ತೆಗೆದುಕೊಟ್ಟ ಮಸಾಲೆ ದೋಸೆಯ ಚಿತ್ರ ಆರು ತಿಂಗಳಲ್ಲಿ ಮೈಸೂರು ರಸ್ತೆಯ ಹೋರ್ಡಿಂಗ್ ಮೇಲೆ, ಹೊಸ ಬ್ರಾಂಚುಗಳ ಗೋಡೆಯ ಮೇಲೆ, ಆರ್ಡರ್ ಮಾಡುವ ಆ್ಯಪ್‌ಗಳಲ್ಲಿ ಕಾಣಿಸುತ್ತದೆ. ಆಗ ಕೂಗಾಡುತ್ತೀರಿ. "ಕ್ಲಿಕ್ ಮಾಡಿದವನದೇ ಕಾಪಿರೈಟ್" ಎಂದು ಯಾವುದೋ ಅಮೆರಿಕದ ವಿಡಿಯೊ ನೋಡಿ ನಂಬಿದ್ದೀರಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಓದಿ. ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ. ಎಂದರೆ ನೀವು ಬಾಯಿ ಮುಚ್ಚಿಕೊಂಡಿದ್ದಷ್ಟಕ್ಕೇ ಎಲ್ಲ ಹಕ್ಕೂ ಹೋಯಿತು. ಉಳಿಸಿಕೊಳ್ಳಲು ಬೇಕಿರುವುದು ಒಂದು ಪುಟದ ಕರಾರು. ಹಕ್ಕು ನನ್ನದು, ಮೆನುವಿಗೆ ಮಾತ್ರ, ಇಷ್ಟು ವರ್ಷ, ಇಂಥ ಊರುಗಳಲ್ಲಿ. ಹೋರ್ಡಿಂಗಿಗೆ ಬೇರೆ ದರ. ಹಕ್ಕನ್ನು ಬರೆದುಕೊಡುವಾಗ ಅವಧಿ ಹಾಕುವುದನ್ನು ಮರೆತರೂ ಐದು ವರ್ಷ ಎಂದೇ ಲೆಕ್ಕ, ಅದು 19ನೇ ಸೆಕ್ಷನ್. ಕಾಯ್ದೆ ಅಷ್ಟರಮಟ್ಟಿಗೆ ನಿಮ್ಮ ಪರ ಇದೆ. ನೀವೇ ನಿಮ್ಮ ಪರ ಇಲ್ಲ.

ದುಡ್ಡು ಬರುವುದು ತಡ ಎಂಬ ಗೋಳನ್ನೂ ಕೇಳಿದ್ದೇನೆ. ಉದ್ಯಮ್ ನೋಂದಣಿಗೆ ಒಂದು ರೂಪಾಯಿ ಖರ್ಚಿಲ್ಲ. ಅದಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಗಿರಾಕಿ 45 ದಿನ ಮೀರಿ ಸತಾಯಿಸುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಲಕ್ಷಗಟ್ಟಲೆ ಬೆಲೆಯ ಲೆನ್ಸಿಗೆ ತಿಂಗಳುಗಟ್ಟಲೆ ರಿವ್ಯೂ ನೋಡುವ ನಿಮಗೆ ಇದಕ್ಕೆ ಒಂದು ಮಧ್ಯಾಹ್ನ ಸಿಕ್ಕಿಲ್ಲ.

"ನಾನು ಬೇಡ ಅಂದರೆ ಇನ್ನೊಬ್ಬ ಮಾಡ್ತಾನೆ" ಎನ್ನುತ್ತೀರಿ. ಮಾಡಲಿ. ನಷ್ಟದ ಕೆಲಸ ಅವನ ಪಾಲಿಗೆ ಹೋಯಿತೆಂದು ನಿಮಗೇಕೆ ಸಂಕಟ? ಅದಿರಲಿ, ನೀವು ಬಿಟ್ಟುಕೊಟ್ಟ 3 ಸಾವಿರ ಕೊನೆಗೆ ಯಾರ ಜೇಬಿನಿಂದ ಹೋಗುತ್ತದೆ ಎಂದು ನೋಡಿದ್ದೀರಾ? ಬೆಳಿಗ್ಗೆ ಆರಕ್ಕೆ ಬಂದು ಸ್ಟ್ಯಾಂಡು, ಸಾಫ್ಟ್‌ಬಾಕ್ಸು ಹೊತ್ತು, ಇಡೀ ದಿನ ರಿಫ್ಲೆಕ್ಟರ್ ಹಿಡಿದು ನಿಂತ ಅಸಿಸ್ಟೆಂಟ್ ಹುಡುಗನ ಬಟಾವಡೆಯಲ್ಲಿ ಮೊದಲು ಕತ್ತರಿ ಬೀಳುತ್ತದೆ. "ಈ ಸಲ ಬಂದಿದ್ದೇ ಇಷ್ಟು ಕಣೋ" ಎನ್ನುತ್ತೀರಿ. ಗಿರಾಕಿಯ ಮುಂದೆ ಏಳದ ನಾಲಿಗೆ ಆ ಹುಡುಗನ ಮುಂದೆ ಹೇಗೆ ಏಳುತ್ತದೆ?