ಹಳೆಯ ಲಾರಿಯ ಹೆಸರು

ವಾಗ್ಳೆ ಎಸ್ಟೇಟಿನ ಬೀದಿಗಳಲ್ಲಿ ಲಾರಿಗಳ ಸದ್ದನ್ನು ಕೇಳುತ್ತಲೇ ಬೆಳೆದವರು ನಾವು. ಈ ವರ್ಷ ಸಹಪಾಠಿಯೊಬ್ಬನ ದಿವಂಗತ ಅಜ್ಜನವರು ನಡೆಸುತ್ತಿದ್ದ ಲಾರಿಯ ಪುಟ್ಟ ಮಾದರಿಯನ್ನು, ಮನೆಯಲ್ಲಿದ್ದ ಒಂದೇ ಛಾಯಾಚಿತ್ರವನ್ನು ನೋಡಿ ಮಾಡಲು ಹೊರಟೆವು. ಚಿತ್ರದಲ್ಲಿ ಮೂತಿಯ ಲಾಂಛನ ಮಾಸಿಹೋಗಿದೆ. “ಬೆಂಜ್ ಗಾಡಿಯೇ ಇರಬೇಕು, ನಕ್ಷತ್ರವನ್ನು ಅಂಟಿಸಿಬಿಡೋಣ” ಎಂದರು ಕೆಲವರು. ನಮಗಿದು ಸಮ್ಮತವಲ್ಲ.

ಜಮ್‌ಶೆಡ್‌ಪುರದಲ್ಲಿ ಟಾಟಾ ಸಂಸ್ಥೆಯು ಬೆಂಜ್ ಕಂಪನಿಯ ಸಹಯೋಗದಿಂದ ಲಾರಿ ತಯಾರಿಸಲು ತೊಡಗಿದ್ದು 1954ರಲ್ಲಿ. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರವು ಹೋಯಿತು. ಮೂತಿಯ ಆಕಾರ ಮಾತ್ರ ಉಳಿಯಿತು. ಇತ್ತ ನಮ್ಮ ನೆರೆಯ ಕುರ್ಲಾದಲ್ಲಿ ಪ್ರೀಮಿಯರ್ ಕಾರ್ಖಾನೆಯಿಂದ ಹೊರಟ ಡಾಡ್ಜ್, ಫಾರ್ಗೊ ಲಾರಿಗಳಂತೂ ಅವಳಿ ಮಕ್ಕಳೇ. ಹೆಸರಿನ ಫಲಕವನ್ನು ಮುಚ್ಚಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಮರದ ಗೂಡನ್ನು ನೋಡಿ ಹೇಳೋಣವೆಂದರೆ, ಅದು ಬಹುಮಟ್ಟಿಗೆ ಊರಿನ ಬಡಗಿಗಳ ಕೈಕೆಲಸ. ಕಾರ್ಖಾನೆಯ ಗುರುತು ಅದರಲ್ಲಿಲ್ಲ.

ಆದುದರಿಂದ ಅಳತೆಯೇ ಮೊದಲು, ಹೆಸರು ಆಮೇಲೆ. ಆ ಕಾಲದ ದೊಡ್ಡ ಲಾರಿಗಳ ಚಕ್ರದ ರಿಮ್ಮು ಸಾಮಾನ್ಯವಾಗಿ 20 ಅಂಗುಲ, ಅಂದರೆ 508 ಮಿಲಿಮೀಟರು. ಬದಿಯಿಂದ ತೆಗೆದ ಚಿತ್ರದಲ್ಲಿ ಅದನ್ನೇ ಅಳತೆಗೋಲಾಗಿ ಹಿಡಿದರೆ ಎರಡು ಚಕ್ರಗಳ ನಡುವಿನ ಅಂತರವೂ ಬಾನೆಟ್ಟಿನ ಉದ್ದವೂ ತಿಳಿಯುತ್ತವೆ. ಇಪ್ಪತ್ನಾಲ್ಕರಲ್ಲೊಂದು ಪಾಲಿನ ನಮ್ಮ ಮಾದರಿಯಲ್ಲಿ ಆ ರಿಮ್ಮು 21 ಮಿಲಿಮೀಟರು. (ಮೊದಲ ಸಲ 25 ಮಾಡಿ ಕೆಡಿಸಿದವರೂ ನಾವೇ!)

ಅಜ್ಜನವರು ಹಗಲಿರುಳು ನಡೆಸಿದ್ದು ಒಂದು ನಿರ್ದಿಷ್ಟ ಲಾರಿಯನ್ನು. ಅಂದಕ್ಕೆಂದು ಅದಕ್ಕೆ ಬೇರೊಂದರ ಹೆಸರಿಡಲು ನಮಗೆ ಯಾವ ಅಧಿಕಾರ? ಲಾಂಛನದ ಸ್ಥಳವನ್ನು ಬರಿದಾಗಿಯೇ ಬಿಟ್ಟಿದ್ದೇವೆ. ಅವರ ಪೆಟ್ಟಿಗೆಯಲ್ಲಿ ಲಾರಿಯ ನೋಂದಣಿ ಪುಸ್ತಕವೇನಾದರೂ ಸಿಕ್ಕೀತೇ ಎಂದು ಗೆಳೆಯನ ಅಜ್ಜಿ ಹುಡುಕುತ್ತಿದ್ದಾರೆ.