ಶಾಲೆಯ ಅಂಗಳದಿಂದ ಶಾಲಾ ಮಂಡಳಿಗೆ: ಕ್ರಿಸ್ಟಲ್ ಸಿಟಿಯ ಮೆಕ್ಸಿಕನ್-ಅಮೆರಿಕನ್ ಹೋರಾಟ

ಚಿಕಾನೊ ಸಾಹಿತ್ಯದ ಬಗ್ಗೆ ಕನ್ನಡದಲ್ಲಿ ನಡೆದಿರುವ ಚರ್ಚೆ ಅತ್ಯಲ್ಪ. ದಲಿತ ಸಾಹಿತ್ಯದ ಸಂದರ್ಭದಲ್ಲಿ ಆಫ್ರಿಕನ್-ಅಮೆರಿಕನ್ ಬರವಣಿಗೆಯನ್ನು ಮತ್ತೆ ಮತ್ತೆ ನೆನೆಯುವ ವಿಮರ್ಶೆ ಅದೇ ದೇಶದ ಮೆಕ್ಸಿಕನ್ ಮೂಲದ ಸಮುದಾಯದತ್ತ ತಿರುಗಿದ್ದು ಕಡಿಮೆ. ತಿರುಗಿದಾಗಲೂ ಗಡಿ, ವಲಸೆ, ಬೆರಕೆ ಭಾಷೆ, ಅಸ್ಮಿತೆ ಎಂಬ ನಾಲ್ಕಾರು ಪರಿಕಲ್ಪನೆಗಳ ಒಳಗೇ ಅದು ನಿಂತುಬಿಡುತ್ತದೆ. ಟೆಕ್ಸಸ್‌ನ ಲೇಖಕಿ ಗ್ಲೋರಿಯಾ ಅನ್ಸಾಲ್ದೂವಾ ಅವರ 1987ರ ಕೃತಿಯಲ್ಲಿ, ಬಿಡುವಿನ ವೇಳೆ ಸ್ಪ್ಯಾನಿಶ್ ಮಾತನಾಡಿದ್ದಕ್ಕೆ ಶಾಲೆಯಲ್ಲಿ ತಿಂದ ಪೆಟ್ಟಿನ ಪ್ರಸ್ತಾಪ ಬರುತ್ತದೆ. ಅದನ್ನು ಭಾಷಿಕ ಯಜಮಾನಿಕೆಯ ರೂಪಕವಾಗಿ ಓದುವುದು ಸುಲಭ. ಆದರೆ ಆ ಪೆಟ್ಟು ರೂಪಕವಾಗಿರಲಿಲ್ಲ. ಅದರ ಹಿಂದೆ ಇಂಗ್ಲಿಷನ್ನು ಮಾತ್ರ ಒಪ್ಪುವ 1918ರ ಟೆಕ್ಸಸ್ ಕಾನೂನಿತ್ತು. ಆ ಕಾನೂನನ್ನು ಊರೂರಿನಲ್ಲಿ ಶಾಲೆಯ ಶಿಸ್ತಾಗಿ ಮಾರ್ಪಡಿಸುವ ಚುನಾಯಿತ ಸಂಸ್ಥೆಯಿತ್ತು. ಆ ಸಂಸ್ಥೆಯನ್ನು ಕೈಗೆ ತೆಗೆದುಕೊಳ್ಳಲು ನಡೆದ ಹೋರಾಟವನ್ನು ಬದಿಗಿಟ್ಟು ಚಿಕಾನೊ ಅಸ್ಮಿತೆಯನ್ನು ಚರ್ಚಿಸಿದರೆ ಆ ಚರ್ಚೆ ಅರ್ಧದಲ್ಲೇ ನಿಲ್ಲುತ್ತದೆ.

ದಕ್ಷಿಣ ಟೆಕ್ಸಸ್‌ನ ಜವಾಲಾ ಕೌಂಟಿಯ ಕ್ರಿಸ್ಟಲ್ ಸಿಟಿ ಪಾಲಕ್ ಸೊಪ್ಪಿಗೆ ಹೆಸರಾದ ಪುಟ್ಟ ಊರು. ಸೊಪ್ಪು ತಿಂದು ಬಲಗೊಳ್ಳುವ ವ್ಯಂಗ್ಯಚಿತ್ರ ನಾಯಕ ಪಾಪಾಯ್‌ನ ಪ್ರತಿಮೆಯನ್ನು 1937ರಲ್ಲಿ ಅಲ್ಲಿ ನಿಲ್ಲಿಸಲಾಯಿತು. ಸೊಪ್ಪು ಕೊಯ್ಯುತ್ತಿದ್ದವರು, ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು ಮೆಕ್ಸಿಕನ್-ಅಮೆರಿಕನ್ನರು. ಊರಿನ ಜನಸಂಖ್ಯೆಯಲ್ಲಿ ಐವರಲ್ಲಿ ನಾಲ್ವರು ಅವರೇ. ಹೊಲ, ಅಂಗಡಿ, ನಗರಸಭೆ, ಶಾಲೆ ಮಾತ್ರ ಆಂಗ್ಲೊ ಎಂದು ಕರೆಯಲಾಗುವ ಬಿಳಿಯರ ವಶದಲ್ಲಿದ್ದವು. ಮತ ಹಾಕಬೇಕಾದರೆ ಮತದಾನದ ತೆರಿಗೆ ಕಟ್ಟಬೇಕಾಗಿದ್ದ ಕಾಲದಲ್ಲಿ ಬಹುಸಂಖ್ಯೆಗೆ ಅರ್ಥವಿರಲಿಲ್ಲ. 1963ರಲ್ಲಿ ಆ ತೆರಿಗೆ ಕಟ್ಟಿಯೇ ಸಂಘಟಿತರಾದ ಕೂಲಿಕಾರರು, ಟೀಮ್‌ಸ್ಟರ್ಸ್ ಕಾರ್ಮಿಕ ಸಂಘ ಮತ್ತು ಪಾಸೊ ಸಂಘಟನೆಯ ನೆರವಿನಿಂದ, ನಗರಸಭೆಯ ಐದೂ ಸ್ಥಾನಗಳನ್ನು ಗೆದ್ದರು. ಎರಡೇ ವರ್ಷಗಳಲ್ಲಿ ಅದು ಕೈತಪ್ಪಿತು. ಈ ಸೋಲನ್ನು ಚರಿತ್ರೆಕಾರರು ಹೊರಗಿನವರ ನೇತೃತ್ವದ ಮಿತಿಯೆಂದು ವಿವರಿಸುವುದುಂಟು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ನಗರಸಭೆ ಕೈಗೆ ಬಂದರೂ ಶಾಲೆ ಕೈಗೆ ಬಂದಿರಲಿಲ್ಲ.

ಆರು ವರ್ಷಗಳ ಅನಂತರ ಹೋರಾಟ ಮರುಹುಟ್ಟು ಪಡೆದದ್ದು ಶಾಲೆಯ ಅಂಗಳದಲ್ಲಿ. ಅದೂ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸುವ ವಿಷಯದಲ್ಲಿ. ಪಂದ್ಯಗಳಲ್ಲಿ ಆಟಗಾರರನ್ನು ಹುರಿದುಂಬಿಸುವ ಚಿಯರ್‌ಲೀಡರ್ ತಂಡದಲ್ಲಿ ನಾಲ್ವರಿಗೆ ಒಬ್ಬಳೇ ಮೆಕ್ಸಿಕನ್-ಅಮೆರಿಕನ್ ಹುಡುಗಿ ಎಂಬುದು ಅಲ್ಲಿನ ಅಲಿಖಿತ ಪದ್ಧತಿ. ಆಯ್ಕೆ ಮಾಡುತ್ತಿದ್ದವರು ಅಧ್ಯಾಪಕರು. 1969ರ ವಸಂತದಲ್ಲಿ ಎರಡು ಸ್ಥಾನಗಳು ತೆರವಾದಾಗ, ಸಮರ್ಥಳಾಗಿದ್ದ ಡಯಾನಾ ಪಲಾಸಿಯೋಸ್‌ಗೆ ಅವಕಾಶ ಸಿಗಲಿಲ್ಲ. ಅವರ ಪಾಲಿನ ಒಂದು ಸ್ಥಾನ ಅದಾಗಲೇ ತುಂಬಿತ್ತು. ವಿದ್ಯಾರ್ಥಿಗಳ ಒತ್ತಾಯಕ್ಕೆ ಸೂಪರಿಂಟೆಂಡೆಂಟ್ ಒಪ್ಪಿದ ರಾಜಿಯನ್ನು ಶಾಲಾ ಮಂಡಳಿ ರದ್ದುಪಡಿಸಿತು. ಶರತ್ಕಾಲದಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘ ತನ್ನ ಉತ್ಸವದ ರಾಣಿಯ ಆಯ್ಕೆಗೆ ಇನ್ನೊಂದು ನಿಯಮ ತಂದಿತು: ಹುಡುಗಿಯ ತಂದೆ ಅಥವಾ ತಾಯಿ ಅದೇ ಪ್ರೌಢಶಾಲೆಯಲ್ಲಿ ಓದು ಮುಗಿಸಿರಬೇಕು. ಬೀಟ್ ಗೆಡ್ಡೆಯ ಹೊಲಗಳನ್ನು ಹುಡುಕಿಕೊಂಡು ವಸಂತದಲ್ಲಿ ಉತ್ತರದ ರಾಜ್ಯಗಳಿಗೆ ಗುಳೆ ಹೋಗಿ ಶರತ್ಕಾಲದಲ್ಲಿ ಮರಳುತ್ತಿದ್ದ ಕುಟುಂಬಗಳಲ್ಲಿ ಅಂಥ ತಂದೆತಾಯಿಗಳೆಷ್ಟು ಮಂದಿ? ಜನಾಂಗದ ಹೆಸರೆತ್ತದೆಯೇ ಜನಾಂಗವನ್ನು ಹೊರಗಿಡುವ ನಿಯಮದ ನಿದರ್ಶನ ಇದಕ್ಕಿಂತ ಸ್ಪಷ್ಟವಾಗಿ ಸಿಗಲಾರದು. ಒಂದು ತಲೆಮಾರಿಗೆ ನಿರಾಕರಿಸಿದ ವಿದ್ಯೆಯೇ ಮುಂದಿನ ತಲೆಮಾರಿನ ಅನರ್ಹತೆಯಾಯಿತು.

1969ರ ಡಿಸೆಂಬರ್ 9ರಂದು ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರನಡೆದರು. ಸೆವೆರಿಟಾ ಲಾರಾ ಎಂಬ ವಿದ್ಯಾರ್ಥಿನಿ ಮುಂಚೂಣಿಯಲ್ಲಿದ್ದಳು. ಚಳವಳಿಯ ಚರಿತ್ರೆಯಲ್ಲಿ ಮೊದಲು ಎದ್ದು ಬರುವ ಹೆಸರು ಅದೇ ಊರಿನ ಮಗ, 1967ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಮಾಯೊ ಯುವ ಸಂಘಟನೆಯನ್ನು ಕಟ್ಟಿದವರಲ್ಲೊಬ್ಬನಾದ ಹೊಸೆ ಆಂಜೆಲ್ ಗುಟಿಯೆರೆಸ್‌ನದು. ಆದರೆ ಮಂಡಳಿಗೆ ಮೊದಲು ಮುಖಾಮುಖಿಯಾದವರು ಹುಡುಗಿಯರು. ಬೇಡಿಕೆಗಳ ಪಟ್ಟಿಯೂ ಚಿಯರ್‌ಲೀಡರ್ ಆಯ್ಕೆಗೆ ನಿಲ್ಲಲಿಲ್ಲ: ದ್ವಿಭಾಷಾ ಶಿಕ್ಷಣ, ಮೆಕ್ಸಿಕನ್-ಅಮೆರಿಕನ್ ಅಧ್ಯಾಪಕರು ಮತ್ತು ಸಲಹೆಗಾರರು, ತಮ್ಮ ಸಮುದಾಯದ ಚರಿತ್ರೆಯ ಪಾಠ. ಮುಷ್ಕರದ ಜಾಣ್ಮೆ ಅದರ ಲೆಕ್ಕಾಚಾರದಲ್ಲಿತ್ತು. ಟೆಕ್ಸಸ್‌ನಲ್ಲಿ ರಾಜ್ಯದ ಅನುದಾನ ಮಕ್ಕಳ ದಿನವಹಿ ಹಾಜರಾತಿಯನ್ನು ಆಧರಿಸಿತ್ತು; ಖಾಲಿ ಬೆಂಚು ಮಂಡಳಿಯ ಬೊಕ್ಕಸವನ್ನು ಮುಟ್ಟುತ್ತಿತ್ತು. ಚಳಿಗಾಲವಾದ್ದರಿಂದ ಗುಳೆ ಹೋದ ಪೋಷಕರು ಊರಲ್ಲಿದ್ದರು. ಮೂವರು ವಿದ್ಯಾರ್ಥಿಗಳು ವಾಷಿಂಗ್ಟನ್‌ಗೆ ಹೋಗಿ ಸೆನೆಟರುಗಳನ್ನು ಕಂಡರು. ರಜೆಯ ದಿನಗಳಲ್ಲಿ ಹೊರಗಿನಿಂದ ಬಂದ ಅಧ್ಯಾಪಕರು ಮುಷ್ಕರನಿರತ ಮಕ್ಕಳಿಗೆ ಪಾಠ ಹೇಳಿದರು. ಕೇಂದ್ರ ನ್ಯಾಯ ಇಲಾಖೆಯ ಮಧ್ಯಸ್ಥಿಕೆಯಲ್ಲಿ ಜನವರಿಯಲ್ಲಿ ಮಂಡಳಿ ಬಹುಪಾಲು ಬೇಡಿಕೆಗಳಿಗೆ ಮಣಿಯಿತು.

ಇಲ್ಲಿ ಶಾಲಾ ಮಂಡಳಿ ಎಂಬುದನ್ನು ಕನ್ನಡ ಓದುಗರು ಶಾಲಾಭಿವೃದ್ಧಿ ಸಮಿತಿಯೊಂದಿಗೆ ಸಮೀಕರಿಸಬಾರದು. ಅಮೆರಿಕದ ಶಾಲಾ ಮಂಡಳಿ ನೇರ ಚುನಾವಣೆಯಿಂದ ಬರುವ ಸಂಸ್ಥೆ; ಆಸ್ತಿಯ ಮೇಲಿನ ಶಾಲಾ ತೆರಿಗೆಯನ್ನು ಗೊತ್ತುಮಾಡುವ, ಸೂಪರಿಂಟೆಂಡೆಂಟರನ್ನೂ ಅಧ್ಯಾಪಕರನ್ನೂ ನೇಮಿಸುವ ಅಧಿಕಾರ ಅದಕ್ಕಿದೆ. ಆದುದರಿಂದಲೇ ಮುಷ್ಕರ ಗೆದ್ದ ಕೂಡಲೇ ಪೋಷಕರು ಮನೆಗೆ ಹೋಗಲಿಲ್ಲ. 1970ರ ಜನವರಿ 17ರಂದು ಲಾ ರಾಸಾ ಉನಿದಾ ಪಕ್ಷ ಅದೇ ಊರಿನಲ್ಲಿ ಹುಟ್ಟಿತು. ಏಪ್ರಿಲ್‌ನಲ್ಲಿ ಗುಟಿಯೆರೆಸ್ ಮತ್ತು ಇಬ್ಬರು ಸಂಗಡಿಗರು ಏಳು ಸದಸ್ಯರ ಮಂಡಳಿಗೆ ಆಯ್ಕೆಯಾದರು. ಹಾಲಿ ಸದಸ್ಯರೊಬ್ಬರ ಬೆಂಬಲದಿಂದ ಬಹುಮತ ದೊರೆತು ಗುಟಿಯೆರೆಸ್ ಅಧ್ಯಕ್ಷನಾದ. ದ್ವಿಭಾಷಾ ಶಿಕ್ಷಣ ಬಂತು, ಮೆಕ್ಸಿಕನ್-ಅಮೆರಿಕನ್ ಅಧ್ಯಾಪಕರು ಬಂದರು, ಮಕ್ಕಳಿಗೆ ಉಚಿತ ಬೆಳಗಿನ ಉಪಾಹಾರ ಬಂತು. ಅನೇಕ ಬಿಳಿಯ ಕುಟುಂಬಗಳು ತಮ್ಮ ಮಕ್ಕಳನ್ನು ಬೇರೆ ಶಾಲೆಗಳಿಗೆ ಸೇರಿಸಿದವು.

ಅದೇ ಚುನಾವಣೆಯಲ್ಲಿ ಪಕ್ಷ ಕೆಲವು ಸ್ಥಾನಗಳನ್ನು ಗೆದ್ದ ಸಮೀಪದ ಕಟುಲ್ಲಾ ಊರಿನ ಮೆಕ್ಸಿಕನ್ ಶಾಲೆಯಲ್ಲಿ 1928–29ರಲ್ಲಿ ಲಿಂಡನ್ ಜಾನ್ಸನ್ ಎಂಬ ಯುವಕ ಮೇಷ್ಟರಾಗಿದ್ದ. ಮಕ್ಕಳ ಬಗ್ಗೆ ಅಪಾರ ಕಾಳಜಿಯಿದ್ದ ಆತ ಶಾಲೆಯ ಆವರಣದಲ್ಲಿ ಸ್ಪ್ಯಾನಿಶ್ ಮಾತನಾಡಗೊಡುತ್ತಿರಲಿಲ್ಲ. ನಲವತ್ತು ವರ್ಷಗಳ ಅನಂತರ ಅಮೆರಿಕದ ಅಧ್ಯಕ್ಷನಾಗಿ 1968ರ ದ್ವಿಭಾಷಾ ಶಿಕ್ಷಣ ಕಾಯಿದೆಗೆ ಸಹಿ ಹಾಕಿದವನೂ ಆತನೇ. ಸದುದ್ದೇಶದ ಅಧ್ಯಾಪಕನೂ ಭಾಷೆಯ ನಿರ್ಬಂಧದ ವಾಹಕನಾಗುವುದು ಹೇಗೆಂಬುದಕ್ಕೆ ಈ ಬದುಕು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ.

ಕ್ರಿಸ್ಟಲ್ ಸಿಟಿಯನ್ನು ವಿಜಯಗಾಥೆಯಾಗಿ ಬರೆಯುವುದು ಮಾತ್ರ ತಪ್ಪಾಗುತ್ತದೆ. 1975ರ ಹೊತ್ತಿಗೆ ಪಕ್ಷದೊಳಗೆ ಬಣಗಳು ಹುಟ್ಟಿ, ಶಾಲೆಯ ನೇಮಕಾತಿಗಳೇ ಜಗಳದ ಮೂಲವಾದವು. ಉದ್ಯೋಗ ಕೊಡುವ ಸಂಸ್ಥೆಗಳು ವಿರಳವಾಗಿದ್ದ ಬಡ ಊರಿನಲ್ಲಿ ಅಧಿಕಾರವೆಂದರೆ ಕೆಲಸ ಹಂಚುವುದೇ ಆಗಿಬಿಡುವ ಅಪಾಯ ಸಣ್ಣದಲ್ಲ. 1977ರಲ್ಲಿ ಬಾಕಿಯ ವಿವಾದದಿಂದ ಊರಿಗೆ ಅನಿಲ ಪೂರೈಕೆಯೇ ನಿಂತುಹೋಯಿತು. ದಶಕದ ಕೊನೆಗೆ ಪಕ್ಷ ನಾಮಾವಶೇಷವಾಯಿತು. ಇವುಗಳಿಗಿಂತ ಆಳದ ಮಿತಿಯೊಂದು ಸ್ಯಾನ್ ಆಂಟೋನಿಯೊದಲ್ಲಿ ಬಯಲಾಗಿತ್ತು. ಅಲ್ಲಿನ ಎಜ್‌ವುಡ್ ಬಡಾವಣೆಯ ಪೋಷಕರು, ತಮ್ಮ ಮನೆಗಳ ಬೆಲೆ ಕಡಿಮೆಯೆಂಬ ಕಾರಣಕ್ಕೆ ತಮ್ಮ ಮಕ್ಕಳ ಶಾಲೆಯೂ ಬಡವಾಗಿರಬೇಕೇ ಎಂದು ನ್ಯಾಯಾಲಯದ ಮೊರೆಹೋದರು. 1973ರಲ್ಲಿ ಸುಪ್ರೀಂ ಕೋರ್ಟು 5–4ರ ಬಹುಮತದಿಂದ, ಶಿಕ್ಷಣವು ಸಂವಿಧಾನದ ಮೂಲಭೂತ ಹಕ್ಕಲ್ಲವೆಂದು ಅವರ ಮೊಕದ್ದಮೆಯನ್ನು ತಳ್ಳಿಹಾಕಿತು. ಮಂಡಳಿ ಕೈಗೆ ಬಂದರೂ ತೆರಿಗೆ ಹಾಕಲು ಆಸ್ತಿಯೇ ಇಲ್ಲದ ಕಡೆ ಭಾಷಾನೀತಿ ಎಷ್ಟು ದೂರ ನಡೆದೀತು ಎಂಬ ಪ್ರಶ್ನೆ ಉಳಿಯಿತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಊರಿನ ಮಹತ್ವ ಬೇರೆಯೇ ಇದೆ. ಚಿಕಾನೊ ಕಾದಂಬರಿಯ ಆದ್ಯರಲ್ಲೊಬ್ಬನಾದ ತೋಮಾಸ್ ರಿವೇರಾ 1935ರಲ್ಲಿ ಹುಟ್ಟಿದ್ದು ಕ್ರಿಸ್ಟಲ್ ಸಿಟಿಯಲ್ಲಿ. ಗುಳೆಯ ಕುಟುಂಬದ ಮಗನಾಗಿ 1954ರಲ್ಲಿ ಪ್ರೌಢಶಾಲೆ ಮುಗಿಸಿದ್ದೂ ಅಲ್ಲಿಯೇ. 1971ರಲ್ಲಿ ಸ್ಪ್ಯಾನಿಶ್‌ನಲ್ಲಿ ಪ್ರಕಟವಾದ ಆತನ ಕಾದಂಬರಿಯ ಒಂದು ಅಧ್ಯಾಯದಲ್ಲಿ ಶಾಲೆಯಿಂದ ಹೊರದಬ್ಬಿಸಿಕೊಂಡ ಹುಡುಗ, ಮನೆಯಲ್ಲಿ ಏನು ಹೇಳುವುದೆಂದು ಯೋಚಿಸುತ್ತ ನಡೆಯುತ್ತಾನೆ. ಆ ಹುಡುಗನ ಅಳುಕನ್ನು ಮನೋವೈಜ್ಞಾನಿಕವಾಗಿ ವಿಶ್ಲೇಷಿಸುವ ಓದುಗಳಿವೆ. ಹುಡುಗನನ್ನು ಹೊರದಬ್ಬುವ ಅಧಿಕಾರ ಯಾರದು, ಅದನ್ನು ಅವರಿಗೆ ಕೊಟ್ಟವರು ಯಾರು ಎಂದು ಕೇಳುವ ಓದು ಕಾದಂಬರಿಯ ಬಿಡಿಬಿಡಿ ರಚನೆಯನ್ನೂ ಬೇರೆ ಬೆಳಕಿನಲ್ಲಿ ಕಾಣಬಲ್ಲದು: ಕುಟುಂಬದ ಬದುಕನ್ನು ಕೊಯ್ಲಿನ ಪಂಚಾಂಗ ತುಂಡರಿಸಿದಂತೆಯೇ ಕಥನವೂ ತುಂಡಾಗಿದೆ. ಅದೇ ರಿವೇರಾ 1979ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಶಾಖೆಯ ಚಾನ್ಸಲರ್ ಆದ.

ಸೆವೆರಿಟಾ ಲಾರಾ ಮುಂದೆ ಕ್ರಿಸ್ಟಲ್ ಸಿಟಿಯ ಮೇಯರ್ ಆದಳು. ವಿದ್ಯಾರ್ಥಿಗಳು 1969ರಲ್ಲಿ ಕೇಳಿದ್ದ ಚರಿತ್ರೆಯ ಪಾಠ ರಾಜ್ಯಮಟ್ಟದ ಐಚ್ಛಿಕ ವಿಷಯವಾಗಲು ಟೆಕ್ಸಸ್ ಶಿಕ್ಷಣ ಮಂಡಳಿಯ ಒಪ್ಪಿಗೆ ದೊರೆತದ್ದು 2018ರಲ್ಲಿ. ಏಪ್ರಿಲ್‌ನಲ್ಲಿ ಮಂಡಳಿ ವಿಷಯವನ್ನು ಒಪ್ಪಿತಾದರೂ ಮೆಕ್ಸಿಕನ್-ಅಮೆರಿಕನ್ ಅಧ್ಯಯನ ಎಂಬ ಹೆಸರನ್ನು ಒಪ್ಪದೆ, ಮೆಕ್ಸಿಕನ್ ಮೂಲದ ಅಮೆರಿಕನ್ನರು ಎಂಬರ್ಥದ ಉದ್ದನೆಯ ಶೀರ್ಷಿಕೆ ಕೊಟ್ಟಿತು. ಅಧ್ಯಾಪಕರೂ ವಿದ್ಯಾರ್ಥಿಗಳೂ ಮತ್ತೆ ಪ್ರತಿಭಟಿಸಬೇಕಾಯಿತು. ಮೊದಲಿನ ಹೆಸರು ಹಿಂದಿರುಗಿದ್ದು ಸೆಪ್ಟೆಂಬರ್‌ನಲ್ಲಿ.