ಕೊರಳ ಗುರುತು, ಕೊರಳ ದನಿ

ಕಳೆದ ತಿಂಗಳು ಪರಿಚಿತರೊಬ್ಬರು ಮಗಳೊಡನೆ ಮನೆಗೆ ಬಂದಿದ್ದರು. ಹುಡುಗಿಯ ಕೊರಳಿನಲ್ಲಿ ಗಂಟು. ಥೈರಾಯ್ಡ್ ಗ್ರಂಥಿಯ ಒಂದು ಪಾರ್ಶ್ವವನ್ನು ತೆಗೆಯಬೇಕೆಂದು ವೈದ್ಯರು ತಿಳಿಸಿದ್ದರು. ಆಕೆ ಶಾಲೆಯಲ್ಲಿ ಪಾಠ ಹೇಳುವವಳು, ಸಂಜೆ ಮಕ್ಕಳಿಗೆ ಸಂಗೀತ ಕಲಿಸುವವಳು. ಸಂಬಂಧ ನೋಡುತ್ತಿರುವ ವಯಸ್ಸು ಬೇರೆ. "ರೋಬೋಟಿನಿಂದ ಮಾಡಿಸಿದರೆ ಕೊರಳ ಮೇಲೆ ಗುರುತೇ ಉಳಿಯುವುದಿಲ್ಲವಂತೆ. ಹೊಲ ಮಾರಿಯಾದರೂ ಮಾಡಿಸೋಣವೆಂದಿದ್ದೇವೆ" ಎಂದರು ತಂದೆ. ಮಗಳು ಕೇಳಿದ್ದು ಒಂದೇ ಮಾತು: "ನನ್ನ ದನಿ ಉಳಿಯುತ್ತದೆಯೇ, ಕಾಕಾ?"

ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಅವಶ್ಯ.

ರೋಬೋಟ್ ಎಂದೊಡನೆ ತಾನೇ ಯೋಚಿಸಿ ಕತ್ತರಿ ಹಿಡಿಯುವ ಯಂತ್ರಮಾನವನನ್ನು ಕಲ್ಪಿಸಿಕೊಳ್ಳುವವರುಂಟು. ವಾಸ್ತವ ಹಾಗಿಲ್ಲ. ಅಮೆರಿಕದಲ್ಲಿ 2000ದಲ್ಲಿ ಅನುಮತಿ ಪಡೆದ 'ಡಾ ವಿಂಚಿ' ಯಂತ್ರವು ವೈದ್ಯರ ಕೈಯ ವಿಸ್ತರಣೆ ಮಾತ್ರ. ವೈದ್ಯರು ಅನತಿ ದೂರದಲ್ಲಿ ಕುಳಿತು, ಹಿಗ್ಗಿಸಿದ ಮೂರು ಆಯಾಮದ ದೃಶ್ಯವನ್ನು ನೋಡುತ್ತ, ಹಿಡಿಕೆಗಳನ್ನು ಚಲಿಸುತ್ತಾರೆ. ಯಂತ್ರದ ತೆಳ್ಳನೆಯ ಉಪಕರಣಗಳು ಅದನ್ನೇ ಅನುಸರಿಸುತ್ತವೆ. ಕೈನಡುಕವನ್ನು ಸೋಸಿ ತೆಗೆಯುತ್ತವೆ. ಆದರೆ ಬಹುಪಾಲು ಯಂತ್ರಗಳಲ್ಲಿ ಬೆರಳಿನ ಸ್ಪರ್ಶಜ್ಞಾನ ಇಲ್ಲ.

ಕೊರಳಿನ ಗುರುತನ್ನು ತಪ್ಪಿಸುವ ಉದ್ದೇಶದಿಂದ ದಕ್ಷಿಣ ಕೊರಿಯದ ಸೋಲ್ ನಗರದ ಯೋನ್ಸೆ ವಿಶ್ವವಿದ್ಯಾಲಯದ ವೈದ್ಯರು 2007ರ ಕೊನೆಯಲ್ಲಿ ಕಂಕುಳಿನ ಮೂಲಕ ರೋಬೋಟ್ ಉಪಕರಣಗಳನ್ನು ಒಯ್ದು ಥೈರಾಯ್ಡ್ ತೆಗೆಯತೊಡಗಿದರು. ಅಮೆರಿಕದ ಜಾರ್ಜಿಯಾ ರಾಜ್ಯದ ಡೇವಿಡ್ ಟೆರಿಸ್ ಮತ್ತು ಸಂಗಡಿಗರು ಮುಖದ ಸುಕ್ಕು ಬಿಗಿಗೊಳಿಸುವವರು ಬಳಸುವ ದಾರಿಯನ್ನೇ ಹಿಡಿದರು. ಕಿವಿಯ ಹಿಂದೆ, ಕೂದಲಿನ ಮರೆಯಲ್ಲಿ ಛೇದಿಸುವ ಆ ವಿಧಾನವನ್ನು ಅವರು 2011ರಲ್ಲಿ ಪ್ರಕಟಿಸಿದರು. ಗಮನಿಸಬೇಕಾದ ಸಂಗತಿಯೆಂದರೆ, ಗುರುತು ಇಲ್ಲವಾಗುವುದಿಲ್ಲ; ಸ್ಥಳ ಬದಲಿಸುತ್ತದೆ, ಅಷ್ಟೆ.

ಆ ಬದಲಾವಣೆಗೆ ಬೆಲೆಯೂ ಉಂಟು. ಕಂಕುಳಿನಿಂದ ಕೊರಳಿನವರೆಗೆ ಚರ್ಮದಡಿ ದಾರಿ ಬಿಡಿಸಬೇಕು. ಸಮಯವೂ ವೆಚ್ಚವೂ ಹೆಚ್ಚು. ತೋಳನ್ನು ಎತ್ತಿ ಇರಿಸುವುದರಿಂದ ಅದರ ನರಗಳಿಗೆ ಅಪರೂಪವಾಗಿಯಾದರೂ ಪೆಟ್ಟಾಗಬಹುದು. ಸಾಮಾನ್ಯ ಶಸ್ತ್ರಕ್ರಿಯೆಯಲ್ಲಿ ಈ ಅಪಾಯ ಬಹುಮಟ್ಟಿಗೆ ಇಲ್ಲ. 2011ರಲ್ಲಿ ಯಂತ್ರದ ತಯಾರಕರೇ ಅಮೆರಿಕದಲ್ಲಿ ಈ ಶಸ್ತ್ರಕ್ರಿಯೆಗೆ ನೀಡುತ್ತಿದ್ದ ಬೆಂಬಲವನ್ನು ಹಿಂತೆಗೆದುಕೊಂಡರು. ಇನ್ನು ಕೇವಲ ಸೌಂದರ್ಯಕ್ಕಾಗಿ ಮುಖದ ಚರ್ಮ ಬಿಗಿಗೊಳಿಸುವಲ್ಲಿ ರೋಬೋಟ್ ಇಂದಿಗೂ ರೂಢಿಗೆ ಬಂದಿಲ್ಲ. ಅಲ್ಲಿ ಛೇದನ ಮೊದಲೇ ಕಿವಿಯ ಮರೆಯಲ್ಲಿರುತ್ತದೆ. ಅಂಗಾಂಶವೂ ವೈದ್ಯರ ಬೆರಳಿಗೆ ನೇರವಾಗಿ ಎಟಕುತ್ತದೆ.

ಹಾಗೆಂದು ಯಂತ್ರವನ್ನು ಹಳಿಯುವುದೂ ಸಲ್ಲ. ಗಂಟಲಿನ ಒಳಭಾಗದ ಕೆಲವು ಗಡ್ಡೆಗಳನ್ನು ತೆಗೆಯಲು ಹಿಂದೆ ತುಟಿಯನ್ನೂ ಕೆಳದವಡೆಯನ್ನೂ ಸೀಳಬೇಕಾಗುತ್ತಿತ್ತು. ಬಾಯಿಯ ಮೂಲಕವೇ ರೋಬೋಟ್ ಉಪಕರಣಗಳನ್ನು ಒಯ್ಯುವ ವಿಧಾನಕ್ಕೆ 2009ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಂಥ ರೋಗಿಗೆ ಅದು ಮುಖವನ್ನೂ ನುಂಗುವ ಶಕ್ತಿಯನ್ನೂ ಉಳಿಸಿಕೊಡಬಲ್ಲದು. ಗಾಯದ ಗುರುತು ದಪ್ಪವಾಗಿ ಉಬ್ಬಿ ಬೆಳೆಯುವ ಪ್ರಕೃತಿಯವರಿಗೂ ಕೊರಳನ್ನು ಬಿಟ್ಟು ಬೇರೆಡೆ ಛೇದಿಸುವುದು ಹಿತವಾಗಬಹುದು.

ಇನ್ನು ದನಿಯ ಮಾತು. ಧ್ವನಿತಂತುಗಳನ್ನು ಆಡಿಸುವ ನರ ಥೈರಾಯ್ಡಿನ ಹಿಂಬದಿಗೆ ಅಂಟಿಕೊಂಡಂತೆ ಸಾಗುತ್ತದೆ. ಮೇಲುಸ್ಥಾಯಿಯ ಸ್ವರಗಳಿಗೆ ಬೇಕಾದ ಇನ್ನೊಂದು ನರ ಗ್ರಂಥಿಯ ಮೇಲ್ತುದಿಯ ಬಳಿ ಇದೆ. ರಕ್ತದಲ್ಲಿನ ಸುಣ್ಣದಂಶವನ್ನು ಕಾಯುವ, ಸಾಮಾನ್ಯವಾಗಿ ನಾಲ್ಕು ಇರುವ ಕಿರುಗ್ರಂಥಿಗಳೂ ಅಲ್ಲಿಯೇ ಇವೆ. ಅನುಭವಿಗಳ ಕೈಯಲ್ಲಿ ಎರಡೂ ವಿಧಾನಗಳಿಂದ ಇವುಗಳಿಗೆ ಆಗುವ ಹಾನಿಯ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದುದರಿಂದ ಯಂತ್ರ ಯಾವುದೆಂಬುದಕ್ಕಿಂತ ಕೈ ಯಾರದೆಂಬುದೇ ಮುಖ್ಯ.

ತಾಯಂದಿರೂ ತಂದೆಯಂದಿರೂ ಆಸ್ಪತ್ರೆಯಲ್ಲಿ ಸಂಕೋಚವಿಲ್ಲದೆ ಕೇಳಬೇಕು: ಈ ಶಸ್ತ್ರಕ್ರಿಯೆ ಈಗಲೇ ಅಗತ್ಯವೇ? ಇದನ್ನು ತಾವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಎಷ್ಟು ಜನರ ದನಿ ಕೆಟ್ಟಿದೆ? ಶಸ್ತ್ರಕ್ರಿಯೆಗೆ ಮೊದಲೂ ಅನಂತರವೂ ಧ್ವನಿತಂತುಗಳನ್ನು ಪರೀಕ್ಷಿಸುತ್ತೀರಾ? ಕೊರಳ ಸಹಜ ಮಡಿಕೆಯಲ್ಲಿ ಮಾಡಿದ ಛೇದನ ಮೊದಲ ತಿಂಗಳುಗಳಲ್ಲಿ ಕೆಂಪಾಗಿದ್ದು, ಸಾಮಾನ್ಯವಾಗಿ ಒಂದು ವರ್ಷದೊಳಗೆ ತೆಳುಗೆರೆಯಾಗಿ ಮಾಸುತ್ತದೆ. ಅಲ್ಲಿಯವರೆಗೆ ಬಿಸಿಲು ತಾಗದಂತೆ ಕಾಪಾಡಿಕೊಳ್ಳಬೇಕು.

ಇದಿಷ್ಟನ್ನೂ ಕೇಳಿಕೊಂಡು ಹೋದ ಆ ಕುಟುಂಬ ಬಹಳ ವರ್ಷಗಳ ಅನುಭವವಿರುವ ವೈದ್ಯರಲ್ಲಿ ಸಾಮಾನ್ಯ ವಿಧಾನದ ಚಿಕಿತ್ಸೆಯನ್ನೇ ಗೊತ್ತುಮಾಡಿದೆ. ಹೊಲ ಉಳಿದಿದೆ. ಹುಡುಗಿಯ ತಾಯಿ ದೂರವಾಣಿಯಲ್ಲಿ ಹೇಳಿದ ಮಾತು ಮನಸ್ಸಿನಲ್ಲಿ ನಿಂತಿದೆ: "ಕೊರಳ ಗೆರೆ ನೋಡಿ ಹಿಂದಿರುಗುವ ಮನೆ ನಮಗೂ ಬೇಡರಿ. ಆಕೆ ಹಾಡಿಕೊಂಡಿರಲಿ, ಸಾಕು."